ನೀರಿಳಿದ ಮೇಲೂ ಬಾಗಿಲು ತಟ್ಟುವವರು

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಗೋಪಾಲಪಟ್ಟಣಂ ಬಳಿಯ ಆರ್.ಆರ್. ವೆಂಕಟಾಪುರಂನಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕಿನಿಂದ ಸ್ಟೈರೀನ್ ಆವಿ ಸೋರಿ, ಮಲಗಿದ್ದ ಊರಿನೊಳಗೆ ನುಗ್ಗಿತು. ಎಚ್ಚರಾದವರು ಉಟ್ಟ ಬಟ್ಟೆಯಲ್ಲೇ ಓಡಿದರು. ಓಡುತ್ತ ಓಡುತ್ತಲೇ ರಸ್ತೆಯಲ್ಲಿ ಕುಸಿದರು. 12 ಜನ ತೀರಿಕೊಂಡರು, ನೂರಾರು ಜನ ಕಿಂಗ್ ಜಾರ್ಜ್ ಆಸ್ಪತ್ರೆ ಸೇರಿದರು. ದನಕರುಗಳು ಕಟ್ಟಿದಲ್ಲೇ ಸತ್ತವು. ಅದೇ ದಿನ ನಡುರಾತ್ರಿ ಮತ್ತೆ ಅನಿಲ ಬರುತ್ತಿದೆ ಎಂಬ ಮಾತೆದ್ದಿತು. ಕಾರ್ಖಾನೆಯಿಂದ ದೂರವಿದ್ದ ಬಡಾವಣೆಗಳ ಜನರೂ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬೀದಿಗೆ ಬಂದರು. ಸುತ್ತಮುತ್ತಲಿನವರನ್ನು ಮುನ್ನೆಚ್ಚರಿಕೆಗಾಗಿ ಖಾಲಿ ಮಾಡಿಸುತ್ತಿದ್ದುದು ನಿಜ. ಎರಡನೆಯ ಸೋರಿಕೆ ಆಗಿಲ್ಲವೆಂದು ಕಂಪನಿ ಹೇಳಿತು. ನಸುಕಿನ ಓಟ ಅನಿಲಕ್ಕೆ ಹೆದರಿ, ನಡುರಾತ್ರಿಯ ಓಟ ಸುದ್ದಿಗೆ ಹೆದರಿ. ಎರಡು ಸಲವೂ ಎದೆ ಡವಗುಟ್ಟಿದ್ದು ಒಂದೇ ರೀತಿ.

ಆ ಎರಡನೆಯ ಓಟದ ಬಗ್ಗೆ ನಮ್ಮಲ್ಲಿ ಹೆಚ್ಚು ಮಾತಾಗುವುದಿಲ್ಲ. ದುರಂತವೆಂದರೆ ಸತ್ತವರ ಲೆಕ್ಕ, ಬಿದ್ದ ಮನೆಗಳ ಲೆಕ್ಕ, ಪರಿಹಾರದ ಮೊತ್ತ. ಬದುಕಿ ಉಳಿದವರ ನಿದ್ದೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಲೇಖನ ಆ ನಿದ್ದೆಯನ್ನು ಕುರಿತದ್ದು: ಅದು ಕೆಟ್ಟಾಗ ಪಕ್ಕದ ಮನೆಯವರು, ಸ್ವಯಂಸೇವಕರು, ಶಾಲೆಯ ಮೇಷ್ಟ್ರು, ಸಂಘದ ಪದಾಧಿಕಾರಿಗಳು ಏನು ಮಾಡಬಹುದು, ಅದಕ್ಕೆ ಮೊದಲೇ ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು. ಉದಾಹರಣೆಗೆ ವಿಶಾಖಪಟ್ಟಣ, ವಿಜಯವಾಡಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಒಂದು ನಗರ 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತವನ್ನು ನೇರವಾಗಿ ಮೈಮೇಲೆ ಹೊತ್ತು, ಆರು ವರ್ಷ ತುಂಬುವ ಮೊದಲೇ ಅನಿಲ ದುರಂತ ಕಂಡಿತು. ಇನ್ನೊಂದು 2024ರ ಸೆಪ್ಟೆಂಬರ್ ಮೊದಲ ವಾರವಿಡೀ ನೀರಿನಲ್ಲಿ ನಿಂತಿತು. ನೌಕಾಪಡೆ, ಬಂದರು, ಉಕ್ಕಿನ ಕಾರ್ಖಾನೆ, ರೈಲ್ವೆ, ಕಾಲೇಜು ಎಂದು ನಮ್ಮವರೂ ಅಲ್ಲಿದ್ದಾರೆ. ಮೇಲಾಗಿ ಅಂಥ ದುರಂತ, ಗುಡ್ಡ ಕುಸಿತದ ರೂಪದಲ್ಲಿ, ನಮ್ಮ ಕೊಡಗಿನಲ್ಲೂ ಆಗಿದೆ, ಶಿರೂರಿನಲ್ಲೂ ಆಗಿದೆ.

ಬುಡಮೇರು ಬಿಟ್ಟುಹೋದದ್ದು

ವಿಜಯವಾಡಕ್ಕೆ ಕೃಷ್ಣೆಯ ಭಯ ಹಳೆಯದು. ಆದರೆ 2024ರಲ್ಲಿ ಊರನ್ನು ಮುಳುಗಿಸಿದ್ದು ಬುಡಮೇರು ಎಂಬ ಹಳ್ಳ. ಮಳೆಗಾಲ ಕಳೆದರೆ ಯಾರೂ ತಿರುಗಿ ನೋಡದ ಹಳ್ಳವದು. ಅಲ್ಲಿನ ಜನ ಅದನ್ನು ವಿಜಯವಾಡದ ದುಃಖದ ಹೊಳೆ ಎಂದೇ ಕರೆಯುತ್ತಾರೆ. ಕೃಷ್ಣೆಯಲ್ಲೂ ಪ್ರಕಾಶಂ ಬ್ಯಾರೇಜಿನ ದಾಖಲೆ ಮುರಿಯುವಷ್ಟು, 11 ಲಕ್ಷ ಕ್ಯೂಸೆಕ್‌ಗೂ ಹೆಚ್ಚಿನ ನೀರು ಬಂತು. ಇತ್ತ ಬುಡಮೇರಿನ ದಂಡೆ ಮೂರು ಕಡೆ ಒಡೆದು ಅಜಿತ್ ಸಿಂಗ್ ನಗರ, ಪಾಯಕಾಪುರಂ, ಕಂಡ್ರಿಕ, ರಾಜರಾಜೇಶ್ವರಿ ಪೇಟೆಗಳಲ್ಲಿ ನೀರು ನಿಂತುಬಿಟ್ಟಿತು. ಹೊಳೆಯಾದರೆ ಬಂದು ಹೋಗುತ್ತದೆ. ಇದು ಬಂದು ಕೂತ ನೀರು. ಮಹಡಿಯ ಮೇಲೆ ಸಿಕ್ಕಿಕೊಂಡವರಿಗೆ ಡ್ರೋನ್‌ನಲ್ಲಿ ಊಟ, ನೀರು ಇಳಿಸಿದರು. ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ವಿಜಯವಾಡದ ಕಲೆಕ್ಟರ್ ಕಚೇರಿಯಲ್ಲೇ ಬಿಡಾರ ಹೂಡಿದರು. ದಂಡೆಯ ಕೊನೆಯ ಒಡಕು ಮುಚ್ಚುವಷ್ಟರಲ್ಲಿ ವಾರವಾಯಿತು. ನೀರು ಇಳಿದ ಮೇಲೆ ಅಗ್ನಿಶಾಮಕ ವಾಹನಗಳು ಮನೆಮನೆಗೆ ಹೋಗಿ ಕೆಸರು ತೊಳೆದವು.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ನೆರೆ ಕಂಡ ಯಾವ ಊರಿನಲ್ಲಾದರೂ ಇದು ಇದ್ದದ್ದೇ. ನಡುಮನೆಯ ಗೋಡೆಯಲ್ಲಿ ಎದೆಯ ಎತ್ತರಕ್ಕೆ ಕಂದು ಗೆರೆ. ಫ್ರಿಜ್ಜು ಮಗುಚಿ ಅಡುಗೆಮನೆಯ ಬಾಗಿಲಿಗೆ ಅಡ್ಡ ಬಿದ್ದಿದೆ. ಬೀರು ತೆರೆಯುವುದಿಲ್ಲ, ಮರ ಉಬ್ಬಿದೆ. ಮನೆಯಾಕೆ ಅಕ್ಕಿ ಡಬ್ಬಿಯನ್ನಾಗಲಿ ಫ್ರಿಜ್ಜನ್ನಾಗಲಿ ನೋಡುತ್ತಿಲ್ಲ. ಮೆಟ್ಟಿಲ ಮೇಲೆ ಕೂತು ಮಗಳ ಮದುವೆಯ ಆಲ್ಬಮಿನ ಹಾಳೆಗಳನ್ನು ಒಂದೊಂದಾಗಿ ಬಿಡಿಸಲು ನೋಡುತ್ತಿದ್ದಾಳೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿದರೆ ಮುಖಗಳು ಕಿತ್ತುಬರುತ್ತವೆ. ಆಗ ನೆರವಿನವರು ಬಂದು, "ಅಯ್ಯೋ ಅಮ್ಮಾ, ಫೋಟೊ ಹೋದರೆ ಹೋಯಿತು, ಜೀವ ಉಳಿಯಿತಲ್ಲ" ಅನ್ನುತ್ತಾರೆ. ಆಕೆ ಆಲ್ಬಮ್ ಮುಚ್ಚಿ ಎದ್ದು ಒಳಗೆ ಹೋಗುತ್ತಾಳೆ.

ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಅಲ್ಲಿಗೆ ಬಾಗಿಲು ಮುಚ್ಚಿತು. ಆಕೆಯ ಪಕ್ಕ ಕೂತು, "ತಣ್ಣೀರಲ್ಲಿ ನೆನೆಸಿ ಬಿಡಿಸಿದರೆ ಕೆಲವಾದರೂ ಉಳಿಯಬಹುದು, ನೋಡೋಣವಾ?" ಎಂದು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಆಕೆ ತಾನಾಗಿ ಆ ರಾತ್ರಿಯ ಕಥೆಯನ್ನು ಶುರು ಮಾಡುತ್ತಿದ್ದಳು, ಅಥವಾ ಏನೂ ಹೇಳದೆ ಜೊತೆಗೊಬ್ಬರು ಕೂತಿದ್ದರೆಂಬ ನೆಮ್ಮದಿಯನ್ನಷ್ಟೇ ಪಡೆಯುತ್ತಿದ್ದಳು. ಎರಡೂ ಸಾಕು.

ಮೊದಲ ಮೂರು ದಿನ

ಹೀಗೆ ಪಕ್ಕದಲ್ಲಿ ಕೂತು ನೆರವಾಗುವುದಕ್ಕೆ ಮನಸ್ಸಿನ ಪ್ರಥಮ ಚಿಕಿತ್ಸೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಕ್ಷೇತ್ರ ಕಾರ್ಯಕರ್ತರಿಗೆಂದು ಇದರ ಕೈಪಿಡಿ ತಂದಿತು. ಅದರ ತಿರುಳು ಮೂರೇ ಮಾತು: ನೋಡು, ಕೇಳು, ಜೋಡಿಸು. ಮನೋವೈದ್ಯರೇ ಬೇಕೆಂದಿಲ್ಲ, ತಾಳ್ಮೆಯಿರುವ ಯಾರು ಬೇಕಾದರೂ ಕಲಿಯಬಹುದು.

ನೋಡುವುದೆಂದರೆ ಮೊದಲು ಜಾಗ ಅಪಾಯವಿಲ್ಲದ್ದೇ ಎಂದು ನೋಡುವುದು, ಆಮೇಲೆ ಯಾರಿಗೆ ತುರ್ತು ಹೆಚ್ಚು ಎಂದು ನೋಡುವುದು. ಕಾಳಜಿ ಕೇಂದ್ರದಲ್ಲಿ ಕೂಗಾಡುವವರ ಕಡೆಗೆ ಎಲ್ಲರ ಗಮನ ಹೋಗುತ್ತದೆ. ಮೂಲೆಯಲ್ಲಿ ಕಣ್ಣು ಮಿಟುಕಿಸದೆ ಕೂತವರು, ಕೊಟ್ಟ ತಟ್ಟೆಯನ್ನು ಮುಟ್ಟದವರು, ಒಬ್ಬರೇ ಬಂದ ಮಕ್ಕಳು, ಕೂಸನ್ನು ಎತ್ತಿಕೊಂಡೂ ಹಾಲೂಡಿಸದ ತಾಯಿ ಕಣ್ಣಿಗೆ ಬೀಳುವುದಿಲ್ಲ. ಅವರನ್ನು ಹುಡುಕಿ ಹೋಗಬೇಕು.

ಕೇಳುವುದೆಂದರೆ ಎದುರು ನಿಲ್ಲದೆ ಪಕ್ಕದಲ್ಲಿ, ಅವರಷ್ಟೇ ಎತ್ತರದಲ್ಲಿ ಕೂರುವುದು. ಹೆಸರು ಹೇಳಿ, ಯಾರ ಕಡೆಯಿಂದ ಬಂದವರೆಂದು ತಿಳಿಸಿ. "ಏನಾಯ್ತು ಹೇಳಿ" ಎಂದು ಕೆದಕಬೇಡಿ. "ಈಗ ಏನು ಬೇಕು ಅಕ್ಕಾ?" ಎಂದು ಕೇಳಿ. ಉತ್ತರ ಸಣ್ಣದಿರುತ್ತದೆ: ಒಂದು ಸೀರೆ, ಫೋನ್ ಚಾರ್ಜು, ಕನ್ನಡಕ, ಶೌಚಾಲಯಕ್ಕೆ ಹೋಗುವಾಗ ಜೊತೆಗೊಬ್ಬ ಹೆಂಗಸು. ಅದನ್ನು ಒದಗಿಸಿ ಬನ್ನಿ. ಚಾರ್ಜು ಹಾಕಿಸಿಕೊಟ್ಟವರ ಹತ್ತಿರ ಜನ ಸಂಜೆ ಮನಸ್ಸು ಬಿಚ್ಚುತ್ತಾರೆ. ಮಾತಾಡತೊಡಗಿದರೆ ತಡೆಯಬೇಡಿ; ನಿಲ್ಲಿಸಿದರೆ ಮುಂದೇನಾಯಿತೆಂದು ಕೇಳಬೇಡಿ. ಅಳು ಬಂದರೆ ಅಳಲಿ. "ಧೈರ್ಯ ತಗೊಳ್ಳಿ", "ಆದದ್ದಾಯಿತು", "ಎಲ್ಲಾ ಹಣೆಬರಹ", "ನಿಮಗಿಂತ ಹೆಚ್ಚು ಕಳಕೊಂಡವರಿದ್ದಾರೆ" — ಇವು ನಮಗೆ ಅಭ್ಯಾಸವಾದ ಸಮಾಧಾನದ ಮಾತುಗಳು. ಮೊದಲ ದಿನಗಳಲ್ಲಿ ಇವು ಮುಳ್ಳಿನಂತೆ ಚುಚ್ಚುತ್ತವೆ. ಅವರೇ ದೇವರ ಹೆಸರೆತ್ತಿದರೆ ಜೊತೆಗೂಡಿ, ನೀವಾಗಿ ಎತ್ತಬೇಡಿ.

ಮೈ ನಡುಗುತ್ತಿದ್ದರೆ, ಉಸಿರು ಸಿಗದೆ ಒದ್ದಾಡುತ್ತಿದ್ದರೆ, ಮೊದಲು ಅದು ದೇಹದ ತೊಂದರೆಯಲ್ಲವೆಂದು ಖಚಿತಪಡಿಸಿಕೊಳ್ಳಿ. ಅನಿಲ ಕುಡಿದವರಲ್ಲಿ, ಹೃದ್ರೋಗವಿರುವವರಲ್ಲಿ ಇದು ಬಹಳ ಮುಖ್ಯ. ದೇಹಕ್ಕೆ ಏನೂ ಆಗಿಲ್ಲವೆಂದಾದರೆ ಎರಡೂ ಪಾದ ನೆಲಕ್ಕೆ ಊರಲು ಹೇಳಿ. ನಿಧಾನವಾಗಿ ಉಸಿರು ಬಿಡುವುದನ್ನು ಜೊತೆಯಲ್ಲೇ ಮಾಡಿ ತೋರಿಸಿ. ಸುತ್ತ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಮನಸ್ಸು ಆ ಹೊತ್ತಿನಲ್ಲಿ ಇನ್ನೂ ನೀರಿನಲ್ಲೋ ಹೊಗೆಯಲ್ಲೋ ಇರುತ್ತದೆ. ಅದನ್ನು ಈ ಕೋಣೆಗೆ ಕರೆತರಲು ಇಷ್ಟು ಸಾಕಾಗುತ್ತದೆ.

ಆಂಧ್ರಕ್ಕೆ ಹೋಗುವ ಕನ್ನಡದ ಸ್ವಯಂಸೇವಕರು ನಾಲ್ಕು ತೆಲುಗು ಮಾತು ಕಲಿತು ಹೋದರೆ ಒಳ್ಳೆಯದು. "ನೀಳ್ಳು ತಾಗಂಡಿ" ಎಂದರೆ ನೀರು ಕುಡಿಯಿರಿ. "ನೇನಿಕ್ಕಡೇ ಉಂಟಾನು" ಎಂದರೆ ನಾನಿಲ್ಲೇ ಇರುತ್ತೇನೆ. "ಮೀವಾಳ್ಳು ಎಕ್ಕಡ ಉನ್ನಾರು?" ಎಂದರೆ ನಿಮ್ಮವರು ಎಲ್ಲಿದ್ದಾರೆ. "ಭಯಪಡಕಂಡಿ", ಹೆದರಬೇಡಿ, ಎಂಬುದು ಎಲ್ಲಕ್ಕಿಂತ ಸುಲಭವಾಗಿ ನಾಲಿಗೆಗೆ ಬರುತ್ತದೆ; ಹೆದರಿದವರಿಗೆ ಅದರಿಂದ ಪ್ರಯೋಜನವಿಲ್ಲ. ಇಲ್ಲೇ ಇರುತ್ತೇನೆ ಎಂದ ಮೇಲೆ ನಿಜಕ್ಕೂ ಇರಬೇಕು. ಹತ್ತು ನಿಮಿಷಕ್ಕೆ ಹೊರಡುವವರು "ಹತ್ತು ನಿಮಿಷ ಇರುತ್ತೇನೆ" ಎನ್ನಲಿ.

ಜೋಡಿಸುವುದೆಂದರೆ ಮನೆಯವರೊಂದಿಗೆ, ಸರಿಯಾದ ಮಾಹಿತಿಯೊಂದಿಗೆ, ಅಗತ್ಯವಿದ್ದರೆ ವೈದ್ಯರೊಂದಿಗೆ ಸೇರಿಸುವುದು. ಹುಡ್‌ಹುಡ್ ಬೀಸಿದಾಗ ವಿಶಾಖಪಟ್ಟಣದಲ್ಲಿ ಕರೆಂಟು, ಫೋನು ಎರಡೂ ಕೈಕೊಟ್ಟವು. ಊರಿನೊಳಗಿನವರು ಹೇಗೋ ಬದುಕಿದ್ದರು. ದೂರದ ಊರುಗಳಲ್ಲಿದ್ದ ಅವರ ತಂದೆತಾಯಿ ಸುದ್ದಿಯಿಲ್ಲದೆ ತತ್ತರಿಸಿದರು. ಅಂಥ ಹೊತ್ತಿನಲ್ಲಿ ಒಬ್ಬ ಸ್ವಯಂಸೇವಕ ಮಾಡಬಹುದಾದ ಅತಿ ದೊಡ್ಡ ಕೆಲಸ: ಹೆಸರು, ಊರು, ಫೋನ್ ಸಂಖ್ಯೆ ಬರೆದುಕೊಂಡು ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ, "ನಿಮ್ಮ ಮಗ ಇದ್ದಾನೆ, ಊಟ ಮಾಡಿದ್ದಾನೆ" ಎಂದು ತಿಳಿಸುವುದು. ಹೀಗೆ ಬರೆದುಕೊಂಡ ಪಟ್ಟಿ ಅಂತರ್ಜಾಲಕ್ಕೆ ಹೋಗಬಾರದು. ಅಳುವವರ ವಿಡಿಯೊ ತೆಗೆಯುವುದನ್ನಂತೂ ಯಾವ ಸಂಘಟನೆಯೂ ತನ್ನವರಿಗೆ ಬಿಡಬಾರದು. ಕ್ಯಾಮೆರಾ ಹಿಡಿದವರನ್ನು ಶಿಬಿರದ ಬಾಗಿಲಲ್ಲೇ ತಡೆಯಲು ಒಬ್ಬರನ್ನು ನಿಲ್ಲಿಸಿ. ಅದೂ ಮಾನಸಿಕ ಆರೈಕೆಯ ಭಾಗವೇ.

ಸುದ್ದಿಯ ವಿಷಯವನ್ನು ಇನ್ನೊಮ್ಮೆ ಹೇಳಲೇಬೇಕು, ವೆಂಕಟಾಪುರಂ ಕಲಿಸಿದ ಪಾಠವದು. ಶಿಬಿರದ ಒಂದು ಗೋಡೆಯಲ್ಲಿ ಫಲಕ ಹಾಕಿ, ದಿನಕ್ಕೆ ಎರಡು ಹೊತ್ತು, ಗೊತ್ತಾದ ವೇಳೆಗೆ, ಒಬ್ಬರೇ ಬರೆಯಲಿ: ಎಲ್ಲಿ ನೀರಿದೆ, ಯಾವ ರಸ್ತೆ ತೆರೆದಿದೆ, ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕು. ಹೊಸದೇನೂ ಇಲ್ಲದಿದ್ದರೆ "ಸಂಜೆ ಆರರವರೆಗೆ ಹೊಸ ಸುದ್ದಿಯಿಲ್ಲ" ಎಂದೇ ಬರೆಯಲಿ. ಖಾಲಿ ಫಲಕದ ಮೇಲೆ ವದಂತಿ ತಾನೇ ಬರೆದುಕೊಳ್ಳುತ್ತದೆ. ಅನಿಲ ದುರಂತದ ಕೆಲವು ದಿನಗಳ ನಂತರ ಆಂಧ್ರದ ಕೆಲವು ಸಚಿವರು ಆ ಊರುಗಳಲ್ಲೇ ಒಂದು ರಾತ್ರಿ ಮಲಗಿದರು. ರಾಜಕೀಯವನ್ನು ಪಕ್ಕಕ್ಕಿಡಿ. ಗಾಳಿ ಉಸಿರಾಡಲು ಯೋಗ್ಯ ಎಂದು ಅಧಿಕಾರಿ ಮೈಕಿನಲ್ಲಿ ಕೂಗಿ ಹೇಳುವುದಕ್ಕೂ, ಹೇಳಿದವನೇ ಅಲ್ಲಿ ಚಾಪೆ ಹಾಸಿ ಮಲಗುವುದಕ್ಕೂ ಇರುವ ಅಂತರ ಹೆದರಿದ ಜನಕ್ಕೆ ತಕ್ಷಣ ತಿಳಿಯುತ್ತದೆ.

ಮಾಡಬಾರದ ಎರಡು ಕೆಲಸ

ದುರಂತ ಕಂಡವರನ್ನೆಲ್ಲ ಒಂದೆಡೆ ಕೂರಿಸಿ, ಕಂಡದ್ದನ್ನೆಲ್ಲ ಹೇಳಿಸಿ "ಒಳಗಿನದನ್ನು ಹೊರಹಾಕಿಸುವ" ಪದ್ಧತಿ 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿ ಬಹಳ ಹರಡಿತು. ಅದಕ್ಕೆ ಡಿಬ್ರೀಫಿಂಗ್ ಎಂಬ ಹೆಸರು. ಆಮೇಲಿನ ಸಂಶೋಧನೆಗಳಲ್ಲಿ ಒಂದೇ ಬೈಠಕ್ಕಿನ ಅಂಥ ಡಿಬ್ರೀಫಿಂಗ್‌ನಿಂದ ಉಪಯೋಗ ಕಾಣಲಿಲ್ಲ, ಕೆಲವರಿಗೆ ತೊಂದರೆ ಹೆಚ್ಚಿದ ಸೂಚನೆಯೂ ಸಿಕ್ಕಿತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆನ್ನುತ್ತದೆ. ಆದರೂ ಎಷ್ಟೋ ಕಡೆ "ಕೌನ್ಸೆಲಿಂಗ್ ಕ್ಯಾಂಪ್" ಹೆಸರಲ್ಲಿ ಅದೇ ನಡೆಯುತ್ತದೆ. ಬ್ಯಾನರು ಕಟ್ಟಿ, ಐವತ್ತು ಜನರನ್ನು ಕೂರಿಸಿ, ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಹೋಗುವವರು ಬಂದರೆ ನಯವಾಗಿ ಬೇಡವೆನ್ನಿ. ಆ ಜನರನ್ನು ಮರುದಿನ ನೋಡಿಕೊಳ್ಳುವವರು ಯಾರು?

ಇನ್ನೊಂದು ನಿದ್ದೆ ಮಾತ್ರೆ. ಅಲ್ಪ್ರಜೋಲಾಮ್, ಡಯಾಜೆಪಾಮ್ ಜಾತಿಯ ಮಾತ್ರೆಗಳನ್ನು ಆಘಾತದ ಮೊದಲ ತಿಂಗಳಲ್ಲಿ ಆಘಾತದ ಲಕ್ಷಣಗಳಿಗೆಂದು ಕೊಡಬಾರದೆಂಬುದು ಅದೇ ಸಂಸ್ಥೆಯ ಸಲಹೆ. ಅವು ಆ ರಾತ್ರಿಗೆ ಕಣ್ಣು ಮುಚ್ಚಿಸುತ್ತವೆ, ಚಟ ಹಿಡಿಸುವ ಅಪಾಯವನ್ನೂ ತರುತ್ತವೆ. ಪಕ್ಕದ ಮನೆಯವರ ಮಾತ್ರೆಯನ್ನಂತೂ ಹಂಚಿಕೊಳ್ಳಬೇಡಿ.

ಆದರೆ ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದವರ ವಿಷಯ ಬೇರೆ, ಇದನ್ನು ತುಂಬ ಜನ ಮರೆಯುತ್ತಾರೆ. ಮೂರ್ಛೆ ರೋಗಕ್ಕೆ, ಸ್ಕಿಜೋಫ್ರೇನಿಯಾಗೆ, ಬೈಪೋಲಾರ್ ಕಾಯಿಲೆಗೆ ಔಷಧಿ ನಡೆಯುತ್ತಿದ್ದು, ನೆರೆಯಲ್ಲಿ ಚೀಟಿಯೂ ಮಾತ್ರೆಯೂ ಹೋಗಿಬಿಟ್ಟರೆ ಅದು ತುರ್ತಿನ ಕೆಲಸ. ಥಟ್ಟನೆ ನಿಂತರೆ ಮೂರ್ಛೆ ಬರಬಹುದು, ಕಾಯಿಲೆ ಮರಳಬಹುದು. ಶಿಬಿರಕ್ಕೆ ಬಂದ ದಿನವೇ ಪ್ರತಿ ಕುಟುಂಬವನ್ನೂ ಕೇಳಿ: ದಿನಾ ನುಂಗುವ ಮಾತ್ರೆ ಯಾರಿಗಿದೆ, ಯಾತಕ್ಕೆ? ಬಿಪಿ, ಸಕ್ಕರೆ ಎಂದು ಹೇಳುವವರು ಮನಸ್ಸಿನ ಮಾತ್ರೆಯನ್ನು ಬಚ್ಚಿಡುತ್ತಾರೆ. ಹಾಗಾಗಿ ಪಕ್ಕಕ್ಕೆ ಕರೆದು ಕೇಳಿ. ದಿನವೂ ಕುಡಿಯುತ್ತಿದ್ದವರೂ ಇದೇ ಸಾಲಿನವರು. ಅಂಗಡಿ ಮುಚ್ಚಿ ಕುಡಿತ ಒಮ್ಮೆಲೇ ನಿಂತರೆ ಎರಡು ಮೂರು ದಿನದೊಳಗೆ ಕೈನಡುಕ, ಬೆವರು, ಫಿಟ್ಸು, ಇಲ್ಲದ್ದನ್ನು ಕಂಡು ಬಡಬಡಿಸುವುದು ಶುರುವಾಗಬಹುದು. ಅದನ್ನು ಹೆದರಿಕೆಯೆಂದೋ ದೆವ್ವವೆಂದೋ ತಿಳಿದು ಕೂರುವುದು ಪ್ರಾಣಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ.

ಮಕ್ಕಳು

ಐದು ವರ್ಷದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ. ಏಳರ ಹುಡುಗ ಇಡೀ ದಿನ ಕಾಗದದ ದೋಣಿ ಮುಳುಗಿಸುತ್ತಾನೆ, ಮತ್ತೆ ಮಾಡುತ್ತಾನೆ, ಮತ್ತೆ ಮುಳುಗಿಸುತ್ತಾನೆ. ಹದಿಮೂರರ ಹುಡುಗಿ ಏನೂ ಆಗಿಲ್ಲವೆಂಬಂತೆ ತಮ್ಮನನ್ನೂ ಅಜ್ಜಿಯನ್ನೂ ನೋಡಿಕೊಂಡು, ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಾಳೆ. ಮೊದಲಿಬ್ಬರು ಕಣ್ಣಿಗೆ ಬೀಳುತ್ತಾರೆ, ಮೂರನೆಯವಳು ಹೊಗಳಿಸಿಕೊಳ್ಳುತ್ತಾಳೆ. ಆ ಹುಡುಗಿಯ ಹೆಗಲಿನಿಂದ ಹೊರೆಯನ್ನು ಇಳಿಸಿಕೊಳ್ಳುವ ದೊಡ್ಡವರೊಬ್ಬರು ಬೇಕು.

ಹಾಸಿಗೆ ಒದ್ದೆಯಾದರೆ ಬೈಯಬೇಡಿ, ದೋಣಿಯಾಟ ನಿಲ್ಲಿಸಬೇಡಿ. ಟಿವಿಯಲ್ಲಿ ಅದೇ ದೃಶ್ಯ ಹತ್ತು ಸಲ ಬರುತ್ತಿದ್ದರೆ ಆರಿಸಿಬಿಡಿ. ಸಣ್ಣ ಮಕ್ಕಳು ಪ್ರತಿ ಸಲವೂ ಅದು ಈಗಲೇ ನಡೆಯುತ್ತಿದೆ ಎಂದುಕೊಳ್ಳಬಹುದು. ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ, "ಅಪ್ಪ ಊರಿಗೆ ಹೋಗಿದ್ದಾರೆ", "ಮಲಗಿದ್ದಾರೆ" ಎನ್ನಬೇಡಿ. ಮಲಗುವುದಕ್ಕೇ ಹೆದರುವ ಮಗು ಆಗಲೇ ಹುಟ್ಟುತ್ತದೆ. ಮಗುವಿಗೆ ಅತಿ ಹತ್ತಿರದವರು, ಮಡಿಲಲ್ಲಿ ಕೂರಿಸಿಕೊಂಡು, ಸತ್ತುಹೋದರು ಎಂಬ ಪದವನ್ನೇ ಬಳಸಿ ಹೇಳಲಿ. ಮಗು ಒಂದು ನಿಮಿಷ ಅತ್ತು ಆಡಲು ಓಡಿದರೆ ಅದಕ್ಕೆ ದುಃಖವೇ ಇಲ್ಲ ಎಂದು ತಿಳಿಯಬೇಡಿ. ಮಕ್ಕಳು ದುಃಖವನ್ನು ಸ್ವಲ್ಪ ಸ್ವಲ್ಪವೇ ನುಂಗುತ್ತಾರೆ. ಶಾಲೆ ಆದಷ್ಟು ಬೇಗ ಬಾಗಿಲು ತೆರೆಯುವುದು ಯಾವ ಔಷಧಿಗೂ ಕಡಿಮೆಯಲ್ಲ. ಪುಸ್ತಕ, ಸಮವಸ್ತ್ರ ಇಲ್ಲದಿದ್ದರೂ ಚಿಂತೆಯಿಲ್ಲ. ಗಂಟೆ ಹೊಡೆಯಲಿ, ಹಾಜರಿ ಕೂಗಲಿ, ಅದೇ ಬೆಂಚಿನಲ್ಲಿ ಅದೇ ಗೆಳೆಯ ಕೂರಲಿ. ಜೊತೆಗೆ ದೊಡ್ಡವರಿಲ್ಲದ ಮಕ್ಕಳು ಕಂಡರೆ ಯಾರ ಕೈಗೂ ಒಪ್ಪಿಸದೆ 1098ಕ್ಕೆ ತಿಳಿಸಿ.

ಯಾವಾಗ ವೈದ್ಯರು

ದುರಂತದ ನಂತರದ ಮನಸ್ಸಿನ ಆರೈಕೆಯ ವಿಷಯದಲ್ಲಿ ಬೆಂಗಳೂರಿಗೆ ಕಹಿ ಅನುಭವವೂ ಇದೆ, ಅದರಿಂದ ಬಂದ ತಿಳಿವಳಿಕೆಯೂ ಇದೆ. 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಆಗ ಮಕ್ಕಳನ್ನು ಕಳೆದುಕೊಂಡ ಮನೆಯವರ ಮನಸ್ಸಿನ ಸ್ಥಿತಿಯನ್ನು ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ವೈದ್ಯರು ಅಧ್ಯಯನ ಮಾಡಿದರು. 1984ರ ಭೋಪಾಲ, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಎಂದು ಆ ಕೆಲಸ ಮುಂದುವರಿಯಿತು. ಪ್ರತಿ ಊರಿಗೂ ಮನೋವೈದ್ಯರನ್ನು ಕಳಿಸುವುದು ಆಗದ ಮಾತು, ಊರಿನವರನ್ನೇ ತರಬೇತಿ ಮಾಡಬೇಕು ಎಂಬುದು ಅಲ್ಲೆಲ್ಲ ಗಟ್ಟಿಯಾದ ಅರಿವು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಈ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿತು.

ಬಹುಪಾಲು ಜನ ವೈದ್ಯರಿಲ್ಲದೆಯೇ ಚೇತರಿಸಿಕೊಳ್ಳುತ್ತಾರೆ. ಮೊದಲ ವಾರಗಳಲ್ಲಿ ನಿದ್ದೆ ಬಾರದಿರುವುದು, ಮಳೆಯ ಸದ್ದಿಗೆ ಬೆಚ್ಚುವುದು, ಯಾವುದೋ ವಾಸನೆಗೆ ಹೊಟ್ಟೆ ತೊಳಸುವುದು, ಸುಮ್ಮಸುಮ್ಮನೆ ಸಿಡುಕುವುದು, "ನಾನೇಕೆ ಉಳಿದೆ" ಎಂದು ಕೊರಗುವುದು ಕಾಯಿಲೆಯಲ್ಲ. ಹಾಗೆಂದು ಅವರಿಗೆ ತಿಳಿಸಿದರೇ ಅರ್ಧ ಹಗುರಾಗುತ್ತದೆ. ತಿಂಗಳು ಕಳೆದ ಮೇಲೂ ಇವು ಇಳಿಯದೆ, ಕೆಲಸಕ್ಕೆ ಹೋಗಲಾಗದೆ, ಆ ಬೀದಿಯನ್ನೇ ತಪ್ಪಿಸಿ ಓಡಾಡುವಂತಾದರೆ ವೈದ್ಯರು ಬೇಕು. ಕೆಲವಕ್ಕೆ ತಿಂಗಳು ಕಾಯಲೇಬಾರದು: ಸಾಯುವ ಮಾತು, ದಿನಗಟ್ಟಲೆ ಅನ್ನನೀರು ಬಿಡುವುದು, ದಿಕ್ಕುತಪ್ಪಿದ ಮಾತು, ತನಗೋ ಕೂಸಿಗೋ ಏನಾದರೂ ಮಾಡಿಕೊಳ್ಳುವ ಸೂಚನೆ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ, "ಜೀವ ತೆಗೆದುಕೊಳ್ಳಬೇಕು ಅನ್ನಿಸುತ್ತಿದೆಯಾ ಅಣ್ಣಾ?" ಕೇಳಿದರೆ ಆ ಯೋಚನೆ ಬಲಿಯುತ್ತದೆಂಬುದು ತಪ್ಪು ನಂಬಿಕೆ. ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿ ಕೀಟನಾಶಕವಿದ್ದರೆ ಹೊರಗೆ ಸಾಗಿಸಿ, ಅಪಾಯ ಹತ್ತಿರವಿದೆ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ.

ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನ. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುವವರಿದ್ದಾರೆ. ವಿಶಾಖಪಟ್ಟಣದಲ್ಲಿ ಸರಕಾರಿ ಮಾನಸಿಕ ಆಸ್ಪತ್ರೆ, ಕಿಂಗ್ ಜಾರ್ಜ್ ಆಸ್ಪತ್ರೆ ಇವೆ. ವಿಜಯವಾಡದಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಸೇರಿದ ಸರಕಾರಿ ಆಸ್ಪತ್ರೆಯಿದೆ. ಬೇರೆ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಹುಡುಕಿ. ದೇಶದ ತುಂಬ 1996ರಿಂದ ಹರಡಿದ ಆ ಕಾರ್ಯಕ್ರಮ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಹುಟ್ಟಿದ್ದು.

ಯೋಜನೆ ಬರೆಯುವ ದಿನ

ಇವನ್ನೆಲ್ಲ ನೀರು ಬಂದ ಮೇಲೆ ಓದಿದರೆ ಉಪಯೋಗವಿಲ್ಲ. ಮೇ ತಿಂಗಳಲ್ಲಿ, ಮಳೆಗೆ ಮೊದಲು, ಬಡಾವಣೆಯ ಹತ್ತು ಜನ ಒಂದು ಸಂಜೆ ಕೂತರೆ ಆಗುವ ಕೆಲಸವಿದು. ಒಂದು ನೋಟುಪುಸ್ತಕ ಸಾಕು. ಒಂಟಿ ಹಿರಿಯರು ಯಾರು, ಬಸುರಿ ಬಾಣಂತಿಯರು ಯಾರು, ನಡೆಯಲಾಗದವರು, ದಿನದ ಮಾತ್ರೆಯವರು ಯಾರು, ಪ್ರತಿ ಹೆಸರಿನ ಎದುರು ಅವರ ಬಾಗಿಲು ತಟ್ಟುವವರು ಯಾರು ಎಂದು ಬರೆಯಿರಿ. ಈ ಪುಸ್ತಕ ಒಬ್ಬರ ಬಳಿ ಇರಲಿ, ವಾಟ್ಸಾಪಿಗೆ ಹೋಗದಿರಲಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರು, ಮೇಷ್ಟ್ರು, ದೇವಸ್ಥಾನ ಮಸೀದಿ ಚರ್ಚುಗಳ ಹಿರಿಯರು ಜೊತೆಗಿರಲಿ. ಆಂಧ್ರದಲ್ಲಿ 2019ರಿಂದ ಇರುವ ವಾರ್ಡ್ ಸಚಿವಾಲಯಗಳಲ್ಲಿ ಆರೋಗ್ಯ ಸಿಬ್ಬಂದಿಯೂ ಮಹಿಳೆಯರ ರಕ್ಷಣೆಯ ಹೊಣೆ ಹೊತ್ತವರೂ ಇದ್ದಾರೆ. ಅಲ್ಲಿರುವ ಕನ್ನಡಿಗರು ಅವರ ಪರಿಚಯ ಮಾಡಿಕೊಂಡಿರಲಿ. ನೋಡು, ಕೇಳು, ಜೋಡಿಸು ಎಂಬುದನ್ನು ಒಬ್ಬರು ಸಂತ್ರಸ್ತರಂತೆ, ಇನ್ನೊಬ್ಬರು ಸ್ವಯಂಸೇವಕರಂತೆ ಕೂತು ಆಡಿ ನೋಡಿ. ನಾಲ್ಕು ಸಲ ಆಡಿದರೆ "ಧೈರ್ಯ ತಗೊಳ್ಳಿ" ಎನ್ನುವ ನಾಲಿಗೆ ಹಿಡಿತಕ್ಕೆ ಬರುತ್ತದೆ.

ಶವಗಳ ವಿಷಯವನ್ನೂ ಅವತ್ತೇ ಮಾತಾಡಿ, ಕಷ್ಟವಾದರೂ. ಮನೆಯವರು ಮುಖ ನೋಡಬೇಕೆಂದರೆ ಬಿಡಬೇಕು. ಏನು ಕಾಣಲಿದೆ ಎಂದು ಮೊದಲು ಮೆಲ್ಲಗೆ ಹೇಳಿ, ಜೊತೆಗೆ ಒಬ್ಬರು ನಿಲ್ಲಬೇಕು. ನೋಡಲಾರೆ ಎಂದವರನ್ನು ಒತ್ತಾಯಿಸಬಾರದು. ಅವರವರ ಪದ್ಧತಿಯಂತೆ ಕ್ರಿಯೆ ನಡೆಯಲು ಎಷ್ಟು ಸಾಧ್ಯವೋ ಅಷ್ಟು ಅನುವು ಮಾಡಿಕೊಡಿ.

ಸಹಾಯ ಮಾಡುವವರಿಗೂ ಪಾಳಿ ಇರಲಿ. ಎಂಟು ಗಂಟೆ ಕೆಲಸ, ಆಮೇಲೆ ಊಟ, ನಿದ್ದೆ, ಮನೆಗೊಂದು ಫೋನು. ಕೆಸರು ಎತ್ತುವ ಪೌರಕಾರ್ಮಿಕರು, ಶವ ಹೊರುವ ಪೊಲೀಸರು, ಆಂಬುಲೆನ್ಸ್ ಚಾಲಕರನ್ನು "ಹೇಗಿದ್ದೀರಿ" ಎಂದು ಕೇಳುವವರೇ ಇರುವುದಿಲ್ಲ. ಅವರ ಹೆಸರೂ ಆ ಪುಸ್ತಕದಲ್ಲಿರಲಿ.

ಯೋಜನೆಯ ಹೆಚ್ಚಿನ ಪುಟಗಳು ಮೊದಲ ವಾರಕ್ಕಿಂತ ಆಮೇಲಿನ ದಿನಗಳಿಗೆ ಮೀಸಲಾಗಬೇಕು. ಮೊದಲ ವಾರ ಊರೇ ಬಂದಿರುತ್ತದೆ. ಆಮೇಲೆ ಲಾರಿಗಳು ಹೋಗುತ್ತವೆ, ನೆಂಟರು ಹೋಗುತ್ತಾರೆ, ಪರಿಹಾರದ ಸಾಲು ಶುರುವಾಗುತ್ತದೆ. ವಿಜಯವಾಡದಲ್ಲಿ ಮುಳುಗಿದ ಕೆಳಮನೆಗೆ 25,000 ರೂಪಾಯಿ, ಮೇಲಂತಸ್ತಿನವರಿಗೆ 10,000 ರೂಪಾಯಿ ಎಂದು ಸರಕಾರ ಘೋಷಿಸಿತು. ಘೋಷಣೆ ಬಂದ ಮೇಲೆ ಪಟ್ಟಿ. ಪಟ್ಟಿಯಲ್ಲಿ ಹೆಸರಿಲ್ಲದವರು ಕಚೇರಿಯಿಂದ ಕಚೇರಿಗೆ ಅಲೆದರು. ಆಧಾರ್ ಒದ್ದೆಯಾಗಿದೆ, ಬಾಡಿಗೆ ಕರಾರು ಮನೆ ಮಾಲೀಕನ ಬಳಿಯಿದೆ, ಬ್ಯಾಂಕ್ ಪುಸ್ತಕ ಸಿಗುತ್ತಿಲ್ಲ. ನೀರಿಗೆ ಎದೆಗೊಟ್ಟು ನಿಂತವರು ಆ ಕೌಂಟರಿನ ಎದುರು ಕುಸಿಯುತ್ತಾರೆ. ಅರ್ಜಿ ತುಂಬಿಸಿಕೊಟ್ಟು ಜೊತೆಗೆ ಸಾಲಿನಲ್ಲಿ ನಿಲ್ಲುವ ಕಾಲೇಜು ಹುಡುಗ ಆ ವಾರದ ಅತ್ಯುತ್ತಮ ಆಪ್ತಸಮಾಲೋಚಕ ಎಂದೇ ನಾನು ನಂಬುತ್ತೇನೆ.

ಆದ್ದರಿಂದ ಆ ನೋಟುಪುಸ್ತಕದಲ್ಲಿ ಪ್ರತಿ ಮನೆಯ ಎದುರು ನಾಲ್ಕು ದಿನಾಂಕ ಬರೆದಿಡಿ: ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು, ವರ್ಷ ತುಂಬುವ ದಿನ. ಮೂರನೇ ತಿಂಗಳಿಗೆ ಹೋದಾಗ ಕೈಯಲ್ಲಿ ಫಾರಂ, ಪ್ರಶ್ನಾವಳಿ ಬೇಡ. "ಚಿಕ್ಕಮ್ಮಾ, ಈ ಕಡೆ ಬಂದಿದ್ದೆ, ಟೀ ಕೊಡ್ತೀರಾ?" ಎಂದು ಒಳಗೆ ಹೋಗಿ. ನಿದ್ದೆ ಹೇಗಿದೆ, ಮೊನ್ನೆ ರಾತ್ರಿ ಮಳೆ ಬಂದಾಗ ಏನು ಮಾಡಿದಿರಿ, ಅಣ್ಣ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರಾ, ಕುಡಿತ ಹೆಚ್ಚಾಗಿದೆಯಾ, ಹುಡುಗಿ ಶಾಲೆಗೆ ಹೋಗುತ್ತಿದ್ದಾಳಾ? ಮಾತು ಮಾತಿನ ನಡುವೆ ಇಷ್ಟನ್ನು ತಿಳಿದುಕೊಂಡು, ಹೊರಗೆ ಬಂದು ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ವರ್ಷ ತುಂಬುವ ದಿನಕ್ಕೆ ಒಂದು ವಾರ ಮೊದಲೇ ಹೋಗಿ. ಆ ತಾರೀಖು ಹತ್ತಿರವಾಗುತ್ತಿದ್ದಂತೆ ನಿದ್ದೆ ಮತ್ತೆ ಕೆಡುತ್ತದೆ, ಏಕೆಂದು ಅವರಿಗೇ ತಿಳಿದಿರುವುದಿಲ್ಲ. ಹೋಗುವಾಗ ಆ ಆಲ್ಬಮಿನಲ್ಲಿ ಉಳಿದ ಫೋಟೊಗಳು ಎಷ್ಟೆಂದು ಕೇಳಿ. ಒಂದಾದರೂ ಚೆನ್ನಾಗಿದ್ದರೆ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ, ಪ್ರಿಂಟು ಹಾಕಿಸಿ, ಮುಂದಿನ ಸಲ ತಂದುಕೊಡಿ.